ಗ್ರಂಥಾಲಯದ ಫೋನ್ ನಂಬರು

ಕಡಲತೀರದ ಕೋಡಿ ಊರಿನ ಗ್ರಂಥಾಲಯ ನೋಡಿಕೊಳ್ಳುವ ವೇದಾವತಿಯ ಎಡಹುಬ್ಬಿನ ಮೇಲೆ ಒಂದು ಗಾಯದ ಗುರುತಿದೆ. ಸಾಲ ವಸೂಲಿಗೆ ಬಂದವರು ಹೊಡೆದದ್ದೆಂದು ಊರವರು ಹೇಳುತ್ತಾರೆ. ಅವಳು ಹೌದೆನ್ನುವುದಿಲ್ಲ, ಅಲ್ಲವೆನ್ನುವುದೂ ಇಲ್ಲ.

ಕಂಪ್ಯೂಟರ್ ಬಂದ ಮೇಲೆ ಅವಳಿಗೆ ಪುಸ್ತಕ ಕೊಡುವುದಕ್ಕಿಂತ ಅರ್ಜಿ ತುಂಬುವ ಕೆಲಸವೇ ಹೆಚ್ಚಾಯಿತು. ರೇಷನ್ ಕಾರ್ಡು, ಗ್ಯಾಸು, ಮಕ್ಕಳ ಸ್ಕಾಲರ್‌ಶಿಪ್ಪು. ದೋಣಿಗೆ ಹೋಗುವವರ ಮೊಬೈಲು ನೀರಿಗೆ ಬೀಳುತ್ತಿತ್ತು, ನಂಬರು ಬದಲಾಗುತ್ತಿತ್ತು. ಹಾಗಾಗಿ ಪರಿಚಯಸ್ಥರ ಹೆಸರು, ಫೋನು ಎಂದಿದ್ದಲ್ಲೆಲ್ಲ ಅವಳು ತನ್ನ ಹೆಸರು, ಗ್ರಂಥಾಲಯದ ನಂಬರು ಬರೆಯುತ್ತಿದ್ದಳು. ಯಾರಿಗೆ ಕರೆ ಬಂದರೂ ಬಾಗಿಲಿಗೆ ಬಂದು ಕೂಗುತ್ತಿದ್ದಳು.

2018ರ ಜೂನ್. ದೋಣಿಗಳಿಗೆ ಮಳೆಗಾಲದ ರಜೆ. ಬಲೆ ಹೆಣೆಯುವ ಮುತ್ತ ಒಂದು ವೆಬ್‌ಸೈಟಿನ ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡು ಬಂದ. ಹತ್ತು ನಿಮಿಷದಲ್ಲಿ ಸಾಲವಂತೆ. ವೇದಾವತಿ ಅದನ್ನೂ ಗ್ಯಾಸಿನ ಅರ್ಜಿಯ ಹಾಗೇ ತುಂಬಿದಳು. ಕೆಳಗಿನ ಸಣ್ಣಕ್ಷರ ಓದಲಿಲ್ಲ. ಎಂಟು ಸಾವಿರ ತಿಂಗಳಲ್ಲಿ ಇಪ್ಪತ್ತೊಂದು ಸಾವಿರವಾಯಿತು.

ಮೊದಲು ಗ್ರಂಥಾಲಯದ ನಂಬರಿಗೇ ಬೈಗುಳದ ಕರೆಗಳು ಬಂದವು. ಆಮೇಲೆ ವಸೂಲಿಗೆಂದು ಬೈಕಿನಲ್ಲಿ ಇಬ್ಬರು ಬಂದರು.

"ಮುತ್ತ ಅಂದ್ರೆ ಯಾರು?"

ಪೇಪರು ಓದುತ್ತಿದ್ದ ಮುತ್ತ ಎದ್ದು ನಿಂತ. ಒಬ್ಬ ಅವನ ಬಲಗೈಯನ್ನು ಮೇಜಿಗೆ ಒತ್ತಿ ಹಿಡಿದ. ಇನ್ನೊಬ್ಬ ಪತ್ರಿಕೆ ಸಿಕ್ಕಿಸುವ ಮರದ ಕೋಲೆತ್ತಿ ಬೆರಳುಗಳ ಮೇಲೆ ಬಾರಿಸಿದ. ನಾಲ್ಕನೆಯ ಏಟಿಗೆ ಉಗುರು ಕಿತ್ತುಬಂದು ಅಂದಿನ ಪತ್ರಿಕೆಗೆ ಅಂಟಿತು. ಹೊರಡುವಾಗ ಕೋಲಿನವನು ವೇದಾವತಿಯತ್ತ ನಕ್ಕ.

"ಮಗಳ ಶಾಲೆ ವ್ಯಾನು ಮೂರೂ ಮುಕ್ಕಾಲಿಗೆ ಅಲ್ವಾ ಮೇಡಂ?"

ಅವಳ ಮಗಳು ಪ್ರೇಕ್ಷಾಗೆ ಏಳು ವರ್ಷ. ಪೊಲೀಸರಿಗೆ ಹೇಳಿದರೆ ಅರ್ಜಿ ಬರೆದವಳು ತಾನೆಂದು ಗೊತ್ತಾಗುತ್ತದೆ, ಕೆಲಸ ಹೋಗುತ್ತದೆ. ಆ ಹೆದರಿಕೆಗೆ ಬಾಯಿ ಮುಚ್ಚಿಕೊಂಡಳು. ಕಂಪ್ಯೂಟರ್ ರಿಪೇರಿಯ ಚಂದ್ರನನ್ನು ಕರೆಸಿ ಅಂಥ ಸೈಟುಗಳನ್ನೆಲ್ಲ ಬ್ಲಾಕ್ ಮಾಡಿಸಿದಳು, ಅಷ್ಟೆ.

ಗುರುವಾರ ಮುತ್ತ ಬಂದ. ಬಲಗೈಗೆ ಬ್ಯಾಂಡೇಜು, ಕಣ್ಣು ಕೆಂಪು.

"ಹ್ವಾಯ್ ವೇದಕ್ಕ, ಇನ್ನೊಂದ್ ಸೈಟ್ ಇತ್ತಂಬ್ರ್. ಓಪನ್ ಮಾಡಿ. ಅದ್ರಗೆ ತಕಂಡ್ ಇದ್ಕ್ ಕಟ್ತೆ."

"ಆತಿಲ್ಲೆ ಮುತ್ತ. ಅಲ್ಲೂ ಇವ್ರೇ ಬೇರೆ ಅಂಗಿ ಹಾಯ್ಕಂಡ್ ಬತ್ರ್."

"ಶನಿವಾರ ಆ ಬೈಕಿನವ್ರ್ ಬತ್ರಂಬ್ರ್! ಎಡಗೈನೂ ಮುರಿತ್ರ್. ಮೊದ್ಲ್ ಬರ್ದದ್ದ್ ಯಾರ್? ನೀವೇ ಅಲ್ದಾ? ಈಗ ಎಂತ ದೊಡ್ಡ ಸತ್ಯವಂತೆ!"

"ನಾನೇ ಬರ್ದದ್ದ್. ಅದ್ಕೇ ಇನ್ನೊಂದ್ ಬರಿತಿಲ್ಲೆ."

ಮುತ್ತ ಎಡಗೈಯಲ್ಲಿ ಅದೇ ಕೋಲೆತ್ತಿ ಬೀಸಿದ. ಕಂಪ್ಯೂಟರಿಗೋ ಅವಳಿಗೋ, ಅವನಿಗೂ ತಿಳಿದಿರಲಿಲ್ಲವೇನೋ. ಅವಳ ಹುಬ್ಬು ಸೀಳಿ ರಕ್ತ ಕೀಬೋರ್ಡಿನ ಮೇಲೆ ತೊಟ್ಟಿಕ್ಕಿತು. ಅವಳು ಕುರ್ಚಿ ಬಿಟ್ಟು ಏಳಲಿಲ್ಲ. ಮುತ್ತ ಕೋಲು ಬಿಸಾಡಿ, ಮಕ್ಕಳ ಹಾಗೆ ಅಳುತ್ತಾ ಓಡಿದ.

ಶನಿವಾರ ಮಗಳನ್ನು ಶಂಕರನಾರಾಯಣ ಊರಿನ ಅಜ್ಜಿಮನೆಗೆ ಕಳಿಸಿ ವೇದಾವತಿ ಒಬ್ಬಳೇ ಬಾಗಿಲು ತೆರೆದಳು. ಹನ್ನೊಂದಕ್ಕೆ ಬೈಕು ಬಂತು.

"ಎಲ್ಲಿ ಅವನು?"

"ಒಳಗೆ. ಪುಸ್ತಕದ ಕೋಣೆಯಲ್ಲಿ."

ಪತ್ರಿಕೆಯ ಕೋಲೆತ್ತಿಕೊಂಡು ಇಬ್ಬರೂ ಒಳಹೊಕ್ಕರು. ಅಲ್ಲಿ ಯಾರೂ ಇರಲಿಲ್ಲ. ಅವಳು ಹೊರಗಿನಿಂದ ಕೋಣೆಯ ಕಬ್ಬಿಣದ ಗೇಟು ಎಳೆದು ಬೀಗ ಹಾಕಿ ಪೊಲೀಸರಿಗೆ ಫೋನು ಮಾಡಿದಳು. ಒಳಗೆ ಕಪಾಟಿನ ಗಾಜು ಒಡೆಯಿತು. ಗೇಟು ಒದ್ದು ಒದ್ದು ಚಿಲಕ ಸಡಿಲವಾಯಿತು. ಅವಳು ಸರಳುಗಳನ್ನು ಒಟ್ಟಿಗೆ ಹಿಡಿದುಕೊಂಡಳು. ಅವರು ಒಳಗಿಂದ ಅವಳ ಗೆಣ್ಣುಗಳ ಮೇಲೆ ಕೋಲಿನಿಂದ ಚಚ್ಚಿದರು. ಚರ್ಮ ಸುಲಿದು ಕೈ ಜಾರತೊಡಗಿತು. ಆಗ ಅವಳ ಕೈಯ ಪಕ್ಕದಲ್ಲಿ ಇನ್ನೊಂದು ಕೈ ಬಂದು ಸರಳು ಹಿಡಿಯಿತು. ಮುತ್ತನ ಎಡಗೈ. ಜೀಪು ಬರುವ ತನಕ ಮುಂದಿನ ಏಟುಗಳೆಲ್ಲ ಅದರ ಮೇಲೆ ಬಿದ್ದವು.

ಠಾಣೆಯಲ್ಲಿ ಎಸ್.ಐ. ಅವಳ ಹುಬ್ಬು ನೋಡಿ ಕೇಳಿದರು: "ಇದೂ ಅವರದ್ದೇ ಏನಮ್ಮಾ?"

ಮುತ್ತ ತಲೆ ತಗ್ಗಿಸಿದ.

"ಅದ್ ಬೇರೆ ಸರ್," ಎಂದಳು ವೇದಾವತಿ. "ಅದ್ ಕೇಸಿಗೆ ಬ್ಯಾಡ."

"ಸರಿ. ಸಾಲದ ಅರ್ಜಿ ತುಂಬಿದ್ದು ಯಾರು?"

ವೇದಾವತಿ ರಕ್ತ ಒಸರುವ ಬೆರಳುಗಳನ್ನು ಮಡಿಲಿಂದ ತೆಗೆದು ಮೇಜಿನ ಮೇಲಿಟ್ಟಳು.

"ನಾನೇ. ಬರ್ಕಣಿ ಸರ್."