ಬಸುರಿಯರ ಬಾಯಿ ಮೂಸುವ ಮರಿಲಿಂಗಮ್ಮ

ಬೆಳಗ್ಗೆ ವಿಭೂತಿ ಹಚ್ಚಿಕೊಂಡು, ರಂಗಂಪೇಟೆಯ ಒಬ್ಬೊಬ್ಬ ಬಸುರಿಯ ಬಾಯಿಯನ್ನೂ ಮೂಸಿ ನೋಡುವ ತನಕ ಸೂಲಗಿತ್ತಿ ಮರಿಲಿಂಗಮ್ಮ ನೀರು ಮುಟ್ಟುತ್ತಿರಲಿಲ್ಲ. ಬೀಡಿಯ ವಾಸನೆ ಬಂದರೆ ಓಣಿಗೆಲ್ಲ ಕೇಳುವಂತೆ ಬೈಯುತ್ತಿದ್ದಳು. ಸೇಂದಿಯ ವಾಸನೆ ಬಂದರೆ ಆ ಮನೆಯ ಸೇಂದಿ ಗಡಿಗೆ ಅಂಗಳದಲ್ಲಿ ಚೂರಾಗುತ್ತಿತ್ತು. ಅವಳು ಬರುವುದು ಕಂಡರೆ ನಿಜಾಮರ ಪೊಲೀಸ್ ಅಮೀನನೂ ಬೀಡಿ ಆರಿಸುತ್ತಿದ್ದನಂತೆ. ಅದೇ ಓಣಿಯ ಮಲ್ಲಿಕಮ್ಮನ ಗಡಿಗೆ ಒಡೆದ ದಿನ ಮಲ್ಲಿಕಮ್ಮ, "ಸೊಸಿ ಹೊಟ್ಟಿ ತಂಪಿರಲಿ ಅಂತ ಕುಡಿಸೀನ್ರಿ," ಎಂದಳು. "ನಮ್ಮತ್ತಿನೂ ಹಂಗ ಅಂದು ನನಗ ಕುಡಿಸಿದ್ಲು. ಮೂರು ಹಡದೆ, ಮೂರೂ ಅಂಗೈಯಷ್ಟಿದ್ವು. ಒಂದೂ ಅಳಲಿಲ್ಲ," ಎಂದಳು ಮರಿಲಿಂಗಮ್ಮ. ಮಲ್ಲಿಕಮ್ಮ ತಲೆ ತಗ್ಗಿಸಿದಳು. "ಈ ವಯಸ್ಸಿನ್ಯಾಗ ನೀವ್ಯಾಕ ತಿರುಗ್ತೀರಿ? ನಾಳಿಂದ ನಾನ ಸೊಸೀನ ನಿಮ್ಮನಿಗಿ ಕರಕೊಂಡು ಬರ್ತೀನ್ರಿ." "ಬ್ಯಾಡ. ದಾರ್ಯಾಗ ಎಲಿ ಅಡಕಿ ತಿನಿಸಿ ಕರಕೊಂಡು ಬರ್ತಿ. ನಾನ ಬರ್ತೀನಿ."