ಕಿಲ್ಲಾಲಾನದ ಹಳೆಯ ಹೆಸರು

ಫೆಸ್ಟಸ್ ಲಾವೆಲ್ ಐರ್ಲೆಂಡಿನ ನಮ್ಮ ಪಡುವಣ ಕರಾವಳಿಯಲ್ಲಿ ಮೂವತ್ತೆಂಟು ವರ್ಷ ಸೈಕಲ್ ತುಳಿದು ಮನೆಮನೆಗೆ ಅಂಚೆ ಮುಟ್ಟಿಸಿದವನು. ಜಗಳವೆಂದರೆ ದೂರ ಸರಿಯುವ ಮನುಷ್ಯ. ಅವನಿಗೆ ಸಿಟ್ಟು ಬಂದದ್ದನ್ನು ನಾನು ಕಂಡದ್ದು ಒಂದೇ ಸಲ. ಅದು ಅವನು ಸಾಯುವವರೆಗೂ ಇಳಿಯಲಿಲ್ಲ.

ನಮ್ಮೂರಿಗಿರುವ ಕಿಲ್ಲಾಲಾನ ಎಂಬುದು ಇಂಗ್ಲಿಷರ ನಕಾಶೆ ತಿರುಚಿದ ಹೆಸರು. ಅದರ ಮೂಲ ಐರಿಷ್ ರೂಪ ‘ಕಿಲ್ ಅನ್ ಲ್ಯಾನ’, ಅಂದರೆ ಬಿಯರಿನ ಕಾಡು ಎಂದು ಊರ ಹೆಸರುಗಳ ಸರ್ಕಾರಿ ಕಚೇರಿಯವರು ತೀರ್ಮಾನಿಸಿ ಫಲಕ ಬರೆಸಲು ಹೊರಟರು. ಆ ಕಾಡು ಇದ್ದದ್ದು ಗುಡ್ಡದ ಮೂಲೆಯಲ್ಲಂತೆ, ಅಲ್ಲಿ ಕಾರು ನಿಲ್ಲಿಸಲು ಜಾಗವಂತೆ.

ಫೆಸ್ಟಸ್ ನನ್ನ ಬಾಗಿಲಿಗೆ ಬಂದು ಕೇಳಿದ: “ಅಲ್ಲಿ ಒಂದು ಮರದ ಬೇರಾದ್ರೂ ಸಿಕ್ಕಿದೆಯೇನ್ರೀ ಮೇಷ್ಟ್ರೇ? ಯಾವನಾದ್ರೂ ಆ ಮೂಲೆಗೆ ನೇಗಿಲು ಹಾಕಿದ್ದುಂಟಾ?”

ಹಾಕಿರಲಿಲ್ಲ. ಅಲ್ಲಿದ್ದದ್ದು ಅಂಗೈಯಗಲದ ಬಿಳಿಗಲ್ಲುಗಳು. ದೀಕ್ಷಾಸ್ನಾನಕ್ಕೆ ಮೊದಲೇ ಸತ್ತ ಕೂಸುಗಳಿಗೆ ಚರ್ಚಿನ ಮಣ್ಣು ಸಿಗುತ್ತಿರಲಿಲ್ಲ. ಹೊತ್ತು ಮುಳುಗಿದ ಮೇಲೆ ಅಪ್ಪನೊಬ್ಬನೇ ಪೆಟ್ಟಿಗೆ ಹೊತ್ತು ಅಲ್ಲಿಗೆ ಹೋಗಿ ಬರುತ್ತಿದ್ದ. ಯಾವ ಮನೆಯ ಕೂಸೆಂದು ಯಾರೂ ಬಾಯಿ ಬಿಡುತ್ತಿರಲಿಲ್ಲ. ಫೆಸ್ಟಸನ ತಂಗಿ ಅಲ್ಲೇ ಇದ್ದಳು.

ಎರಡು ತಿಂಗಳು ಅವನು ಹಳೆಯ ಅಂಚೆದಾರಿಯಲ್ಲಿ ನಡೆದು, ತೊಂಬತ್ತು ದಾಟಿದ ಐವರಿಂದ ಊರ ಹೆಸರು ಹೇಳಿಸಿದ. ಐವರೂ ಹೇಳಿದ್ದು ‘ಕಿಲ್ ನ ಲ್ಯಾನವ್’. ಕೂಸುಗಳ ಚರ್ಚಿನಂಗಳ. ಐರಿಷಿನಲ್ಲಿ ಕಾಡೂ ಚರ್ಚಿನಂಗಳವೂ ಕಿವಿಗೆ ಒಂದೇ ‘ಕಿಲ್’.

ಊರ ಸಭೆಯಲ್ಲಿ ಆ ಕಚೇರಿಯ ಅಧಿಕಾರಿ ಮೆಲ್ಲಗೆ ಕೇಳಿದ: “ಬರೆದ ದಾಖಲೆ ಇದೆಯೇ?”

“ಪಾದ್ರಿ ಆ ಕೂಸುಗಳನ್ನ ಪುಸ್ತಕದಲ್ಲಿ ಬರೀಲೇ ಇಲ್ಲ. ಈಗ ನೀವು ಬಂದು ದಾಖಲೆ ಕೇಳ್ತೀರಿ.”

“ಕೂತ್ಕೊಳ್ಳೋ ಫೆಸ್ಟಸ್,” ಎಂದ ಪಬ್ಬಿನ ಮಾಲೀಕ. “ಕಾರು ನಿಂತ್ರೆ ನಾಲ್ಕು ಜನ ಬರ್ತಾರೆ. ಬಿಯರಿನ ಕಾಡು ಅಂದ್ರೆ ನಮಗೇನು ನಷ್ಟ?”

“ನಿನ್ನಜ್ಜಿ ಎಷ್ಟು ಹೆತ್ತಿದ್ಳು, ಎಷ್ಟು ಉಳೀತು, ಕೇಳಿದ್ದೀಯೇನೋ?”

ಆಗ ಎಂಬತ್ತೆಂಟರ ಒನೋರಾ ಗಿಂಟಿ ಕೋಲೂರಿ ಎದ್ದಳು. “ನನ್ನವು ಎರಡಿವೆ ಅಲ್ಲಿ. ಬರ್ಕೊಳ್ಳಪ್ಪ.”

ಮತ್ತೊಬ್ಬರು ಎದ್ದರು. ಮತ್ತಿಬ್ಬರು. ನಾನೂ ಎದ್ದೆ, ನನ್ನ ಅಣ್ಣ ಅಲ್ಲಿದ್ದಾನೆ. ಹೇಳಿದ್ದು ಅಂದೇ ಮೊದಲು. ಅಧಿಕಾರಿ ತಲೆಯೆತ್ತದೆ ಬರೆದುಕೊಂಡ. ಮುಂದೆ ಅವನೇ ಆ ಫಲಕವನ್ನೂ ಕಾರಿನ ಜಾಗವನ್ನೂ ರದ್ದು ಮಾಡಿಸಿದ.

ಅಂದು ಸಭೆ ಮುಗಿದು ಹೊರಗೆ ಬಂದಾಗ ನಾನು ಚಾಚಿದ ಕೈಯನ್ನು ಫೆಸ್ಟಸ್ ಮುಟ್ಟಲಿಲ್ಲ.

“ಇಷ್ಟು ಮನೆಯವರಿದ್ರಿ,” ಎಂದ. “ನಮ್ಮಮ್ಮ ಈ ಊರಲ್ಲಿ ತನಗೊಬ್ಬಳಿಗೇ ಹೀಗಾಯ್ತು ಅಂದ್ಕೊಂಡೇ ಸತ್ಲು. ಒಬ್ಬರಾದ್ರೂ ಬಂದು ಪಕ್ಕದಲ್ಲಿ ಕೂತು ಹೇಳಬಾರದಿತ್ತಾ?”