ಮೂಗಿನ ಮಟ್ಟದ ಸ್ಕೀ

ಬಹ್ರೈನಿನ ಮುಹರ್ರಕ್‌ ಪೇಟೆಯ ಕ್ರೀಡಾ ಸಾಮಾನಿನ ಅಂಗಡಿಯ ಇದಿನಬ್ಬರಿಗೆ ಗಿರಾಕಿ ಕಂಡರೆ ಗಾಬರಿಯೇ ಗಾಬರಿ. ದುಬೈಯ ಹಿಮದ ಪಾರ್ಕಿನಲ್ಲಿ ಕಂಬಿಯ ಮೇಲೆ ಜಾರಿ, ಹಾರಿ, ಗಿರ್ರನೆ ತಿರುಗಲು ಹೊರಟವರು ತಮ್ಮ ತಲೆಗಿಂತ ಎತ್ತರಕ್ಕೆ ಬರುವ ಸ್ಕೀ ಹಲಗೆ ಎತ್ತಿಕೊಂಡರೆ ಸಾಕು, “ಯಾ ಅಲ್ಲಾ! ಇದು ಕಾಲಿಗೋ, ಮಾಡಿನ ಪಕ್ಕಾಸಿಗೋ? ಪಾರ್ಕಿಗೆ ಮೂಗಿನ ಮಟ್ಟ ಸಾಕು ಮಾರಾಯ್ರೆ!” ಎಂದು ಎದೆ ಹಿಡಿದುಕೊಳ್ಳುತ್ತಾರೆ. ಲಿಫ್ಟಿನಲ್ಲಿ ಪಕ್ಕ ನಿಂತ ಅಪರಿಚಿತರ ಮೂಗನ್ನೂ ಕಣ್ಣಲ್ಲೇ ಅಳೆದು ಸ್ಕೀಯ ಉದ್ದ ಹೇಳಿಬಿಡುವುದುಂಟು. ಊರಿಂದ ಮೊದಲ ಸಲ ರಜೆಗೆ ಬರುವ ಮಗಳು ಅಫೀಫಾಳನ್ನೂ ಹಾಗೆಯೇ ಮನಸ್ಸಿನಲ್ಲಿ ನಿಲ್ಲಿಸಿ ಅಳೆದು, ಒಂದು ಜೋಡಿ ತೆಗೆದಿಟ್ಟಿದ್ದರು. ವಿಮಾನ ನಿಲ್ದಾಣದಿಂದ ನೇರ ಅಂಗಡಿಗೇ ಕರೆತಂದು ಪಕ್ಕದಲ್ಲಿ ಹಿಡಿದರೆ, ಸ್ಕೀ ಅವಳ ಭುಜಕ್ಕೂ ಮುಟ್ಟಲಿಲ್ಲ. “ಉಪ್ಪಾ, ನಾನು ಇಷ್ಟೇ ಇದ್ದದ್ದು ಯಾವಾಗ?” ಎಂದು ಅವಳು ನಕ್ಕು ಕೇಳಿದಾಗ, ಇದಿನಬ್ಬರು ತಾವು ಕೊನೆಯ ಸಲ ಊರಿಗೆ ಹೋಗಿ ಎಷ್ಟು ವರ್ಷವಾಯಿತೆಂದು ಬೆರಳು ಮಡಚಿ ಎಣಿಸತೊಡಗಿದರು.